ಮಾಹಿತಿ ತಂತ್ರಜ್ಞಾನದ ವಿದ್ಯುತ್ ಬಳಕೆ ಮತ್ತು ಇಂಗಾಲ ಹೊರಸೂಸುವಿಕೆಯ ಮಾಪನ

ಗಣಕಗಳು, ದತ್ತಾಂಶ ಕೇಂದ್ರಗಳು, ಸಂಪರ್ಕ ಜಾಲಗಳು ಮತ್ತು ಬಳಕೆದಾರರ ಕೈಯಲ್ಲಿರುವ ಉಪಕರಣಗಳು ಎಷ್ಟು ವಿದ್ಯುತ್ತನ್ನು ಬಳಸುತ್ತವೆ, ಅವುಗಳ ತಯಾರಿಕೆ ಮತ್ತು ಬಳಕೆಯಿಂದ ಎಷ್ಟು ಹಸಿರುಮನೆ ಅನಿಲ ವಾತಾವರಣವನ್ನು ಸೇರುತ್ತದೆ ಎಂಬುದನ್ನು ಅಳೆಯುವ, ಅಳೆಯಲಾಗದಿದ್ದಲ್ಲಿ ಅಂದಾಜಿಸುವ ವಿಧಾನಗಳನ್ನು ಒಟ್ಟಾಗಿ ಮಾಹಿತಿ ತಂತ್ರಜ್ಞಾನದ ವಿದ್ಯುತ್ ಬಳಕೆ ಮತ್ತು ಇಂಗಾಲ ಹೊರಸೂಸುವಿಕೆಯ ಮಾಪನ ಎಂದು ಕರೆಯಲಾಗುತ್ತದೆ. ಇಲ್ಲಿ 'ಇಂಗಾಲ' ಎಂಬುದು ರೂಢಿಯ ಮಾತು. ಇಂಗಾಲದ ಡೈಆಕ್ಸೈಡ್ ಅಲ್ಲದೆ ಮೀಥೇನ್ ಮೊದಲಾದ ಅನಿಲಗಳನ್ನೂ ಅವುಗಳ ತಾಪನ ಸಾಮರ್ಥ್ಯಕ್ಕೆ ಅನುಗುಣವಾಗಿ ಡೈಆಕ್ಸೈಡಿನ ಸಮಾನ ಪ್ರಮಾಣಕ್ಕೆ ಪರಿವರ್ತಿಸಿ ಲೆಕ್ಕಕ್ಕೆ ತೆಗೆದುಕೊಳ್ಳಲಾಗುತ್ತದೆ.

ಅಂತರರಾಷ್ಟ್ರೀಯ ಇಂಧನ ಸಂಸ್ಥೆಯು 2025ರ ಏಪ್ರಿಲ್‌ನಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 2024ರಲ್ಲಿ ಜಗತ್ತಿನ ದತ್ತಾಂಶ ಕೇಂದ್ರಗಳು ಸುಮಾರು 415 ಟೆರಾವ್ಯಾಟ್-ಗಂಟೆ ವಿದ್ಯುತ್ ಬಳಸಿದವು. ಇದು ಜಗತ್ತಿನ ಒಟ್ಟು ವಿದ್ಯುತ್ ಬಳಕೆಯ ಶೇ. 1.5ರಷ್ಟು. 2030ರ ವೇಳೆಗೆ ಇದು ಸುಮಾರು 945 ಟೆರಾವ್ಯಾಟ್-ಗಂಟೆಗೆ ಏರಬಹುದೆಂದು ಅದೇ ವರದಿ ಅಂದಾಜಿಸಿದೆ. ಇಡೀ ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ ಕ್ಷೇತ್ರದ ಹೊರಸೂಸುವಿಕೆಯ ವಿಷಯದಲ್ಲಿ ಇಷ್ಟು ಒಮ್ಮತವಿಲ್ಲ. ಅದು ಜಾಗತಿಕ ಹೊರಸೂಸುವಿಕೆಯ ಶೇ. 1.8ರಿಂದ 2.8ರಷ್ಟು ಎಂದು ಹಲವು ಅಧ್ಯಯನಗಳು ಹೇಳಿದ್ದವು. ಇವನ್ನು ಪರಿಶೀಲಿಸಿದ ಬ್ರಿಟನ್ನಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು, ಬಿಟ್ಟುಹೋದ ಅಂಶಗಳನ್ನೂ ಸೇರಿಸಿದರೆ ಅದು ಶೇ. 2.1ರಿಂದ 3.9ರವರೆಗೆ ಇರಬಹುದೆಂದು 2021ರಲ್ಲಿ ಅಭಿಪ್ರಾಯಪಟ್ಟರು. ಇಂಥ ವ್ಯತ್ಯಾಸಗಳಿಗೆ ಮೀಟರುಗಳ ದೋಷಕ್ಕಿಂತ ಹೆಚ್ಚಾಗಿ, ಯಾವುದನ್ನು ಲೆಕ್ಕಕ್ಕೆ ಸೇರಿಸಬೇಕು, ಯಾವುದನ್ನು ಬಿಡಬೇಕು, ಹಂಚಿಕೊಂಡು ಬಳಸುವ ವಸ್ತುವಿನ ಪಾಲನ್ನು ಯಾರ ಹೆಸರಿಗೆ ಬರೆಯಬೇಕು ಎಂಬ ಪ್ರಶ್ನೆಗಳೇ ಕಾರಣ.

ಮೂಲ ಪರಿಕಲ್ಪನೆಗಳು

ವಿದ್ಯುತ್ ಸಾಮರ್ಥ್ಯವನ್ನು ವ್ಯಾಟ್‌ಗಳಲ್ಲಿಯೂ ಬಳಕೆಯಾದ ಶಕ್ತಿಯನ್ನು ವ್ಯಾಟ್-ಗಂಟೆಗಳಲ್ಲಿಯೂ ಅಳೆಯುತ್ತಾರೆ. ಮನೆಯ ವಿದ್ಯುತ್ ಬಿಲ್ಲಿನಲ್ಲಿ ಕಾಣುವ ಒಂದು 'ಯೂನಿಟ್' ಎಂದರೆ ಒಂದು ಕಿಲೋವ್ಯಾಟ್-ಗಂಟೆ. ಒಂದು ಟೆರಾವ್ಯಾಟ್-ಗಂಟೆ ಎಂದರೆ 100 ಕೋಟಿ ಯೂನಿಟ್. ಸುದ್ದಿಗಳಲ್ಲಿ ಈ ಎರಡು ಅಳತೆಗಳು ಆಗಾಗ ಬೆರೆತುಹೋಗುತ್ತವೆ. '100 ಮೆಗಾವ್ಯಾಟ್ ದತ್ತಾಂಶ ಕೇಂದ್ರ' ಎಂಬುದು ಆ ಕಟ್ಟಡ ಒಂದು ಕ್ಷಣದಲ್ಲಿ ಎಳೆದುಕೊಳ್ಳಬಹುದಾದ ಗರಿಷ್ಠ ವಿದ್ಯುತ್ತನ್ನು ಸೂಚಿಸುತ್ತದೆ. ವರ್ಷವಿಡೀ ಪೂರ್ಣ ಹೊರೆಯಲ್ಲಿ ನಡೆದರೆ ಅದು 87.6 ಕೋಟಿ ಯೂನಿಟ್ ಬಳಸುತ್ತದೆ. ಆದರೆ ಸಾಮಾನ್ಯವಾಗಿ ಯಾವ ಕೇಂದ್ರವೂ ಹಾಗೆ ನಡೆಯುವುದಿಲ್ಲ. ಆದ್ದರಿಂದ ಸ್ಥಾಪಿತ ಸಾಮರ್ಥ್ಯವನ್ನೇ ಬಳಕೆಯೆಂದು ಎಣಿಸಿದ ಅಂದಾಜುಗಳು ವಾಸ್ತವಕ್ಕಿಂತ ಹೆಚ್ಚಾಗಿರುತ್ತವೆ.

ಬಳಸಿದ ಯೂನಿಟ್‌ಗಳನ್ನು ಆ ವಿದ್ಯುತ್ತಿನ 'ಇಂಗಾಲ ತೀವ್ರತೆ'ಯಿಂದ ಗುಣಿಸಿದರೆ ಹೊರಸೂಸುವಿಕೆ ದೊರೆಯುತ್ತದೆ. ಒಂದು ಯೂನಿಟ್ ವಿದ್ಯುತ್ತಿನ ಉತ್ಪಾದನೆಗೆ ಎಷ್ಟು ಗ್ರಾಂ ಡೈಆಕ್ಸೈಡ್ ಹೊರಬಿತ್ತು ಎಂಬುದೇ ಇಂಗಾಲ ತೀವ್ರತೆ. ಭಾರತದ ಕೇಂದ್ರೀಯ ವಿದ್ಯುತ್ ಪ್ರಾಧಿಕಾರದ ಲೆಕ್ಕದಂತೆ 2023–24ರಲ್ಲಿ ದೇಶದ ವಿದ್ಯುತ್ ಜಾಲದ ಸರಾಸರಿ ತೀವ್ರತೆ ಯೂನಿಟ್‌ಗೆ 727 ಗ್ರಾಂ. ಪರಮಾಣು ವಿದ್ಯುತ್ತನ್ನು ಹೆಚ್ಚಾಗಿ ನೆಚ್ಚಿಕೊಂಡಿರುವ ಫ್ರಾನ್ಸಿನಲ್ಲಿ ಇದು ಭಾರತದ್ದರ ಹತ್ತನೇ ಒಂದು ಭಾಗದಷ್ಟೂ ಇಲ್ಲ. ಒಂದೇ ಯಂತ್ರ, ಒಂದೇ ತಂತ್ರಾಂಶ, ಒಂದೇ ಕೆಲಸವಾದರೂ ಅದು ನಡೆಯುವ ಊರು ಬದಲಾದರೆ ಹೊರಸೂಸುವಿಕೆ ಹತ್ತು ಪಟ್ಟು ಬದಲಾಗಬಹುದು. ಒಂದೇ ಊರಿನಲ್ಲಿಯೂ ನಡುಹಗಲಿನ ಸೌರ ವಿದ್ಯುತ್ತಿಗೂ ರಾತ್ರಿಯ ಕಲ್ಲಿದ್ದಲ ವಿದ್ಯುತ್ತಿಗೂ ಇರುವ ಅಂತರವನ್ನು ವಾರ್ಷಿಕ ಸರಾಸರಿ ಮರೆಮಾಚುತ್ತದೆ.

ಅಂದಾಜುಗಳ ಇತಿಹಾಸ

ಈ ಕ್ಷೇತ್ರದ ಮೊದಲ ದೊಡ್ಡ ವಿವಾದ ಅಮೆರಿಕದಲ್ಲಿ ನಡೆಯಿತು. 1999ರ ಮೇ ತಿಂಗಳಲ್ಲಿ 'ಫೋರ್ಬ್ಸ್' ಪತ್ರಿಕೆಯಲ್ಲಿ ಪೀಟರ್ ಹ್ಯೂಬರ್ ಮತ್ತು ಮಾರ್ಕ್ ಮಿಲ್ಸ್ ಬರೆದ ಲೇಖನವೊಂದು, ದೇಶದ ವಿದ್ಯುತ್ತಿನ ಶೇ. 8ರಷ್ಟನ್ನು ಅಂತರಜಾಲವೊಂದೇ ಬಳಸುತ್ತಿದೆ, ಎಲ್ಲ ಗಣಕಗಳೂ ಸೇರಿದರೆ ಅದು ಶೇ. 13 ಆಗುತ್ತದೆ, ಮುಂದೆ ದೇಶದ ಅರ್ಧದಷ್ಟು ವಿದ್ಯುತ್ ಇದಕ್ಕೇ ಬೇಕಾಗುತ್ತದೆ ಎಂದು ಪ್ರತಿಪಾದಿಸಿತು. ಇನ್ನಷ್ಟು ಕಲ್ಲಿದ್ದಲನ್ನು ಅಗೆಯಬೇಕೆಂಬ ಸಲಹೆ ಲೇಖನದ ಶೀರ್ಷಿಕೆಯಲ್ಲಿಯೇ ಇತ್ತು. ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯದ ಜೊನಾಥನ್ ಕೂಮಿ ಮತ್ತು ಸಹೋದ್ಯೋಗಿಗಳು ಈ ಲೆಕ್ಕವನ್ನು ಒಂದೊಂದಾಗಿ ಬಿಡಿಸಿ ನೋಡಿದರು. ಲೇಖಕರು ಒಂದು ಗಣಕ ಮತ್ತು ಅದರ ಪರಿಕರಗಳಿಗೆ ಸುಮಾರು 1,000 ವ್ಯಾಟ್ ಎಂದು ಹಿಡಿದಿದ್ದರು. ಆಗಿನ ಸಾಮಾನ್ಯ ಗಣಕ ಮತ್ತು ಪರದೆ ಎರಡೂ ಸೇರಿ ಅದರ ಐದನೇ ಒಂದು ಭಾಗವನ್ನೂ ಬಳಸುತ್ತಿರಲಿಲ್ಲ. ಪ್ರಯೋಗಾಲಯದ ಎಣಿಕೆಯಲ್ಲಿ ಕಚೇರಿಗಳ ಎಲ್ಲ ಗಣಕೋಪಕರಣ ಮತ್ತು ಜಾಲಗಳ ಪಾಲು ಶೇ. 3ರ ಆಸುಪಾಸಿನಲ್ಲಿತ್ತು. ಆದರೂ ಮೂಲ ಸಂಖ್ಯೆಗಳು ಪತ್ರಿಕೆಗಳಲ್ಲಿ, ಹೂಡಿಕೆ ಸಂಸ್ಥೆಗಳ ವರದಿಗಳಲ್ಲಿ ಹಲವು ವರ್ಷ ಮತ್ತೆ ಮತ್ತೆ ಕಾಣಿಸಿಕೊಂಡವು.

ತಪ್ಪು ಬೇರೊಂದು ಬಗೆಯಲ್ಲಿಯೂ ಆಗಬಹುದೆಂಬುದಕ್ಕೆ ಮುಂದಿನ ದಶಕ ಸಾಕ್ಷಿಯಾಯಿತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು 2007ರಲ್ಲಿ ಸಂಸತ್ತಿಗೆ ಸಲ್ಲಿಸಿದ ವರದಿಯಲ್ಲಿ, ದೇಶದ ದತ್ತಾಂಶ ಕೇಂದ್ರಗಳು 2006ರಲ್ಲಿ 6,100 ಕೋಟಿ ಯೂನಿಟ್ ಬಳಸಿವೆ, ಅಂದಿನ ಗತಿಯಲ್ಲಿಯೇ ಸಾಗಿದರೆ 2011ರ ವೇಳೆಗೆ ಇದು 10,000 ಕೋಟಿ ಯೂನಿಟ್ ದಾಟುತ್ತದೆ ಎಂದು ಎಚ್ಚರಿಸಿತ್ತು. 2006ರ ಅಂಕಿ ಗಟ್ಟಿಯಾದ ಆಧಾರದ ಮೇಲೆ ನಿಂತಿತ್ತು. ಮುನ್ಸೂಚನೆ ಮಾತ್ರ ನಿಜವಾಗಲಿಲ್ಲ. 2014ರಲ್ಲಿ ಕೂಡ ಬಳಕೆ ಸುಮಾರು 7,000 ಕೋಟಿ ಯೂನಿಟ್‌ನಷ್ಟೇ ಇತ್ತೆಂದು ಬರ್ಕ್ಲಿ ಪ್ರಯೋಗಾಲಯ ನಂತರ ಕಂಡುಕೊಂಡಿತು. ಒಂದೇ ಯಂತ್ರದಲ್ಲಿ ಹಲವು ಸರ್ವರ್‌ಗಳ ಕೆಲಸ ಮಾಡಿಸುವ ವರ್ಚುವಲೀಕರಣ, ಸಣ್ಣ ಸರ್ವರ್ ಕೋಣೆಗಳಿಂದ ಬೃಹತ್ ಕ್ಲೌಡ್ ಕೇಂದ್ರಗಳಿಗೆ ಆದ ವಲಸೆ ಮತ್ತು ತಂಪುಗೊಳಿಸುವಿಕೆಯಲ್ಲಾದ ಸುಧಾರಣೆಗಳು ಇದಕ್ಕೆ ಕಾರಣ. 2020ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಎರಿಕ್ ಮಸಾನೆಟ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವು, 2010ರಿಂದ 2018ರ ನಡುವೆ ಜಗತ್ತಿನ ದತ್ತಾಂಶ ಕೇಂದ್ರಗಳಲ್ಲಿ ನಡೆಯುವ ಗಣನೆ ಆರೂವರೆ ಪಟ್ಟಾದರೂ ವಿದ್ಯುತ್ ಬಳಕೆ ಕೇವಲ ಶೇ. 6ರಷ್ಟು ಏರಿ 205 ಟೆರಾವ್ಯಾಟ್-ಗಂಟೆ ತಲುಪಿತೆಂದು ತೋರಿಸಿತು.

ಆ ಸಮತೋಲನ ಈಗ ಮುರಿದಿದೆ. ಬರ್ಕ್ಲಿ ಪ್ರಯೋಗಾಲಯದ 2024ರ ವರದಿಯಂತೆ ಅಮೆರಿಕದ ದತ್ತಾಂಶ ಕೇಂದ್ರಗಳ ಬಳಕೆ 2018ರ 76 ಟೆರಾವ್ಯಾಟ್-ಗಂಟೆಯಿಂದ 2023ರಲ್ಲಿ 176ಕ್ಕೆ, ಅಂದರೆ ದೇಶದ ಒಟ್ಟು ಬಳಕೆಯ ಶೇ. 4.4ಕ್ಕೆ ಏರಿತು. 2028ರ ಅಂದಾಜು 325ರಿಂದ 580 ಟೆರಾವ್ಯಾಟ್-ಗಂಟೆ. ಕೆಳಗಿನ ಮತ್ತು ಮೇಲಿನ ಅಂಕಿಗಳ ನಡುವೆ ಇಷ್ಟು ದೊಡ್ಡ ಅಂತರವಿರುವುದು ಗಮನಾರ್ಹ. ಹೊಸ ವಿದ್ಯುತ್ ಸ್ಥಾವರ ಮತ್ತು ಪ್ರಸರಣ ಮಾರ್ಗಗಳಿಗೆ ಹಣ ಹೂಡುವ ತೀರ್ಮಾನಗಳು ಇಂಥ ಅಂದಾಜುಗಳ ಮೇಲೆಯೇ ನಿಲ್ಲುತ್ತವೆ. ಬೇಡಿಕೆ ಬಾರದಿದ್ದರೆ ಆ ವೆಚ್ಚ ಇತರ ಗ್ರಾಹಕರ ದರಕ್ಕೆ ಸೇರಬಹುದು.

ಅಂದಾಜಿನ ವಿಧಾನಗಳು ಮುಖ್ಯವಾಗಿ ಎರಡು. ಮಾರಾಟವಾದ ಸರ್ವರ್, ಸಂಗ್ರಹ ಸಾಧನ ಮತ್ತು ಜಾಲೋಪಕರಣಗಳನ್ನು ಎಣಿಸಿ, ಪ್ರತಿಯೊಂದರ ಬಳಕೆಯನ್ನು ಕೂಡಿಸುವುದು ತಳದಿಂದ ಮೇಲಕ್ಕೆ ಸಾಗುವ ವಿಧಾನ. ಹಣ, ದತ್ತಾಂಶದ ಪ್ರಮಾಣದಂಥ ಯಾವುದಾದರೊಂದು ಒಟ್ಟು ಅಂಕಿಯಿಂದ ಬಳಕೆಯನ್ನು ಊಹಿಸುವುದು ಮೇಲಿನಿಂದ ಕೆಳಕ್ಕೆ ಇಳಿಯುವ ವಿಧಾನ. ಮೊದಲನೆಯದು ನಿಧಾನ, ದುಬಾರಿ. ಎರಡನೆಯದು ಸುಲಭ, ಆದರೆ ಹಳೆಯ ದಕ್ಷತೆಯೇ ಮುಂದುವರಿಯುತ್ತದೆಂದು ಭಾವಿಸುವ ಅಪಾಯ ಅದಕ್ಕಿದೆ. ಯಾವ ಯಂತ್ರಗಳು ಓಡುತ್ತಿವೆ ಎಂಬುದೇ ಗೊತ್ತಿಲ್ಲದ ಬಿಟ್‌ಕಾಯಿನ್ ಗಣಿಗಾರಿಕೆಯಲ್ಲಿ ಎರಡನ್ನೂ ಬೆರೆಸಬೇಕಾಗುತ್ತದೆ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಬಿಟ್‌ಕಾಯಿನ್ ವಿದ್ಯುತ್ ಸೂಚ್ಯಂಕವು 2023ರಲ್ಲಿ ಯಂತ್ರಗಳ ಕುರಿತ ತನ್ನ ಊಹೆಯನ್ನು ತಿದ್ದಿಕೊಂಡಾಗ, 2021ರ ಅಂದಾಜು ಬಳಕೆ 104ರಿಂದ 89 ಟೆರಾವ್ಯಾಟ್-ಗಂಟೆಗೆ ಇಳಿಯಿತು.

ದತ್ತಾಂಶ ಕೇಂದ್ರದೊಳಗಿನ ಅಳತೆ

ದತ್ತಾಂಶ ಕೇಂದ್ರಕ್ಕೆ ಬರುವ ವಿದ್ಯುತ್ತೆಲ್ಲ ಸರ್ವರ್‌ಗಳಿಗೆ ಹೋಗುವುದಿಲ್ಲ. ತಂಪುಗೊಳಿಸುವ ಯಂತ್ರ, ಯುಪಿಎಸ್, ಪರಿವರ್ತಕ, ದೀಪಗಳಿಗೂ ಅದರಲ್ಲಿ ಪಾಲಿದೆ. ಕಟ್ಟಡಕ್ಕೆ ಬಂದ ಒಟ್ಟು ವಿದ್ಯುತ್ತನ್ನು ಗಣಕೋಪಕರಣಗಳಿಗೆ ತಲುಪಿದ ವಿದ್ಯುತ್ತಿನಿಂದ ಭಾಗಿಸಿದಾಗ ಬರುವ ಅನುಪಾತವನ್ನು 'ವಿದ್ಯುತ್ ಬಳಕೆಯ ಪರಿಣಾಮಕಾರಿತ್ವ' ಅಥವಾ ಪಿಯುಇ ಎನ್ನುತ್ತಾರೆ. 2007ರಲ್ಲಿ 'ದಿ ಗ್ರೀನ್ ಗ್ರಿಡ್' ಎಂಬ ಉದ್ಯಮ ಒಕ್ಕೂಟ ಇದನ್ನು ಪ್ರಚಾರಕ್ಕೆ ತಂದಿತು. 2016ರಲ್ಲಿ ಇದು ಐಎಸ್ಒ/ಐಇಸಿ 30134-2 ಎಂಬ ಅಂತರರಾಷ್ಟ್ರೀಯ ಮಾನಕವಾಯಿತು. ಇದರ ಆದರ್ಶ ಬೆಲೆ 1. ಅಪ್‌ಟೈಮ್ ಇನ್‌ಸ್ಟಿಟ್ಯೂಟ್ ನಡೆಸುವ ಸಮೀಕ್ಷೆಗಳಲ್ಲಿ ಉದ್ಯಮದ ಸರಾಸರಿ 2007ರಲ್ಲಿ ಸುಮಾರು 2.5 ಇದ್ದದ್ದು ಇಳಿಯುತ್ತ ಬಂದು, 2018ರಿಂದೀಚೆಗೆ 1.6ರ ಆಸುಪಾಸಿನಲ್ಲಿ ನಿಂತುಬಿಟ್ಟಿದೆ. ಗೂಗಲ್‌ನಂಥ ಬೃಹತ್ ಸಂಸ್ಥೆಗಳು 1.1ರ ಸಮೀಪದ ಅಂಕಿಗಳನ್ನು ವರದಿ ಮಾಡುತ್ತವೆ.

ಪಿಯುಇ ಜನಪ್ರಿಯವಾದಷ್ಟು ಅಪಾರ್ಥಕ್ಕೂ ಒಳಗಾಗಿದೆ. ಅದು ಕಟ್ಟಡದ ದಕ್ಷತೆಯನ್ನು ಹೇಳುತ್ತದೆ, ಗಣನೆಯ ದಕ್ಷತೆಯನ್ನಲ್ಲ. ಉದಾಹರಣೆಗೆ, ಒಂದು ಕೇಂದ್ರದಲ್ಲಿ ಸರ್ವರ್‌ಗಳಿಗೆ 1,000 ಕಿಲೋವ್ಯಾಟ್, ಉಳಿದ ವ್ಯವಸ್ಥೆಗೆ 500 ಕಿಲೋವ್ಯಾಟ್ ಹೋಗುತ್ತಿದೆ ಎಂದುಕೊಂಡರೆ ಪಿಯುಇ 1.5. ಕೆಲಸವಿಲ್ಲದೆ ಉರಿಯುತ್ತಿದ್ದ ಸರ್ವರ್‌ಗಳನ್ನು ಆರಿಸಿ ಅವುಗಳ ಹೊರೆಯನ್ನು 600ಕ್ಕೆ ಇಳಿಸಿದಾಗ ಉಳಿದ ವ್ಯವಸ್ಥೆಯ ಬಳಕೆ 400ಕ್ಕೆ ಮಾತ್ರ ಇಳಿಯಿತೆನ್ನೋಣ. ಒಟ್ಟು ಬಳಕೆ 1,500ರಿಂದ 1,000ಕ್ಕೆ, ಅಂದರೆ ಮೂರನೇ ಒಂದರಷ್ಟು ಕಡಿಮೆಯಾಗಿದೆ. ಆದರೆ ಪಿಯುಇ 1.67ಕ್ಕೆ ಏರಿ, ಕೇಂದ್ರ ಹದಗೆಟ್ಟಂತೆ ಕಾಣುತ್ತದೆ. ಸರ್ವರ್ ಪೆಟ್ಟಿಗೆಯೊಳಗಿನ ಫ್ಯಾನ್‌ಗಳು ಗಣಕೋಪಕರಣದ ಲೆಕ್ಕಕ್ಕೆ ಸೇರುವುದರಿಂದ ಇದರ ವಿಲೋಮವೂ ಸಾಧ್ಯ: ಕೋಣೆಯ ಉಷ್ಣತೆಯನ್ನು ಏರಿಸಿ ತಂಪುಗೊಳಿಸುವ ವೆಚ್ಚವನ್ನು ಇಳಿಸಿದರೆ ಫ್ಯಾನ್‌ಗಳು ಜೋರಾಗಿ ತಿರುಗುತ್ತವೆ, ಒಟ್ಟು ಬಳಕೆ ಏರಿದರೂ ಪಿಯುಇ ಸುಧಾರಿಸುತ್ತದೆ. ನೀರನ್ನು ಆವಿಯಾಗಿಸಿ ತಂಪು ಮಾಡುವ ವ್ಯವಸ್ಥೆಗಳು ವಿದ್ಯುತ್ತನ್ನು ಉಳಿಸಿ ನೀರನ್ನು ಖರ್ಚು ಮಾಡುವುದರಿಂದ, ಯೂನಿಟ್‌ಗೆ ಎಷ್ಟು ಲೀಟರ್ ಎಂಬ ಪ್ರತ್ಯೇಕ ನೀರಿನ ಸೂಚಕವೂ ಬಳಕೆಗೆ ಬಂದಿದೆ.

ಸರ್ವರ್‌ನ ಒಳಗೆ ಇಳಿದರೆ, ಇಂಟೆಲ್ 2011ರ 'ಸ್ಯಾಂಡಿ ಬ್ರಿಜ್' ಸಂಸ್ಕಾರಕಗಳಿಂದ ಆರಂಭಿಸಿ ಒದಗಿಸಿದ 'ರ‍್ಯಾಪಲ್' ಎಂಬ ಸೌಲಭ್ಯದಿಂದ ಸಂಸ್ಕಾರಕ ಬಳಸಿದ ಶಕ್ತಿಯನ್ನು ತಂತ್ರಾಂಶದ ಮೂಲಕವೇ ಓದಬಹುದು. ಗ್ರಾಫಿಕ್ಸ್ ಸಂಸ್ಕಾರಕಗಳಿಗೂ ಇಂಥ ವ್ಯವಸ್ಥೆಗಳಿವೆ. 'ಕೋಡ್‌ಕಾರ್ಬನ್' ಮುಂತಾದ ಮುಕ್ತ ತಂತ್ರಾಂಶಗಳು ಈ ಓದುಗಳನ್ನು ಸ್ಥಳೀಯ ಜಾಲದ ಇಂಗಾಲ ತೀವ್ರತೆಯಿಂದ ಗುಣಿಸಿ ಫಲಿತಾಂಶ ಕೊಡುತ್ತವೆ. ವಿದ್ಯುತ್ ಪೂರೈಕೆ ಘಟಕದಲ್ಲಾಗುವ ನಷ್ಟ, ಫ್ಯಾನ್, ಡಿಸ್ಕ್‌ಗಳ ಬಳಕೆ ಸಂಸ್ಕಾರಕದ ಓದಿನಲ್ಲಿ ಕಾಣುವುದಿಲ್ಲ. ಆದ್ದರಿಂದ ಗೋಡೆಯ ಪ್ಲಗ್ಗಿನ ಬಳಿ ಇಟ್ಟ ಮೀಟರು ಯಾವಾಗಲೂ ಹೆಚ್ಚಿನ ಅಂಕಿಯನ್ನೇ ತೋರಿಸುತ್ತದೆ.

ಹೊರಸೂಸುವಿಕೆಯ ಮೂರು ವ್ಯಾಪ್ತಿಗಳು

ಕಂಪನಿಗಳ ಇಂಗಾಲ ಲೆಕ್ಕಕ್ಕೆ ಹೆಚ್ಚಾಗಿ ಬಳಕೆಯಾಗುವುದು 'ಹಸಿರುಮನೆ ಅನಿಲ ಪ್ರೋಟೋಕಾಲ್'. ವಿಶ್ವ ಸಂಪನ್ಮೂಲ ಸಂಸ್ಥೆ ಮತ್ತು ಸುಸ್ಥಿರ ಅಭಿವೃದ್ಧಿಗಾಗಿ ವಿಶ್ವ ವಾಣಿಜ್ಯ ಮಂಡಳಿ ಸೇರಿ ರೂಪಿಸಿದ ಇದರ ಮೊದಲ ಆವೃತ್ತಿ 2001ರಲ್ಲಿ, ಪರಿಷ್ಕೃತ ಆವೃತ್ತಿ 2004ರಲ್ಲಿ ಬಂದಿತು. ಇದರಂತೆ ಕಂಪನಿಯೇ ಉರಿಸುವ ಇಂಧನ, ಉದಾಹರಣೆಗೆ ಡೀಸೆಲ್ ಜನರೇಟರ್‌ನದು, ಮೊದಲ ವ್ಯಾಪ್ತಿ. ಕೊಂಡ ವಿದ್ಯುತ್ತಿನದು ಎರಡನೇ ವ್ಯಾಪ್ತಿ. ಚಿಪ್ ತಯಾರಿಕೆಯಿಂದ ಹಿಡಿದು ಕಟ್ಟಡದ ಸಿಮೆಂಟು, ನೌಕರರ ಪ್ರಯಾಣ, ಮಾರಿದ ಉಪಕರಣ ಗ್ರಾಹಕರ ಮನೆಯಲ್ಲಿ ಬಳಸುವ ವಿದ್ಯುತ್ತಿನವರೆಗೆ ಉಳಿದೆಲ್ಲವೂ ಮೂರನೇ ವ್ಯಾಪ್ತಿ.

ಎರಡನೇ ವ್ಯಾಪ್ತಿಯ ಲೆಕ್ಕದಲ್ಲಿ ಹೆಚ್ಚಿನ ತಕರಾರಿದೆ. 2015ರ ಮಾರ್ಗಸೂಚಿ ಎರಡು ವಿಧಾನಗಳನ್ನು ಒಪ್ಪುತ್ತದೆ. 'ಸ್ಥಳ ಆಧಾರಿತ' ವಿಧಾನದಲ್ಲಿ ಕೇಂದ್ರವಿರುವ ಪ್ರದೇಶದ ಜಾಲದ ಸರಾಸರಿ ತೀವ್ರತೆಯನ್ನು ಬಳಸಲಾಗುತ್ತದೆ. 'ಮಾರುಕಟ್ಟೆ ಆಧಾರಿತ' ವಿಧಾನದಲ್ಲಿ ಕಂಪನಿ ಮಾಡಿಕೊಂಡ ವಿದ್ಯುತ್ ಖರೀದಿ ಒಪ್ಪಂದಗಳನ್ನು, ಕೊಂಡ ನವೀಕರಿಸಬಹುದಾದ ಇಂಧನ ಪ್ರಮಾಣಪತ್ರಗಳನ್ನು ಕಳೆಯಲು ಅವಕಾಶವಿದೆ. ಪ್ರಮಾಣಪತ್ರವು ವಿದ್ಯುತ್ತಿನಿಂದ ಬೇರೆಯಾಗಿಯೂ ಮಾರಾಟವಾಗುತ್ತದೆ. ಹೀಗಾಗಿ ಒಂದು ಊರಿನಲ್ಲಿ ರಾತ್ರಿ ಕಲ್ಲಿದ್ದಲ ವಿದ್ಯುತ್ ಬಳಸಿದ ಕೇಂದ್ರವು, ಅದೇ ಮಾರುಕಟ್ಟೆಯ ದೂರದ ಸೌರ ಘಟಕವೊಂದು ಹಗಲು ಉತ್ಪಾದಿಸಿದ ವಿದ್ಯುತ್ತಿನ ಪ್ರಮಾಣಪತ್ರ ಕೊಂಡು ತನ್ನ ಲೆಕ್ಕವನ್ನು ಸೊನ್ನೆಗೆ ಇಳಿಸಿಕೊಳ್ಳಬಹುದು. ಫೇಸ್‌ಬುಕ್‌ನ ಮಾತೃಸಂಸ್ಥೆ ಮೆಟಾದ 2022ರ ಎರಡನೇ ವ್ಯಾಪ್ತಿಯ ಹೊರಸೂಸುವಿಕೆ ಮಾರುಕಟ್ಟೆ ಆಧಾರದಲ್ಲಿ 273 ಟನ್. ಸ್ಥಳ ಆಧಾರದಲ್ಲಿ 38 ಲಕ್ಷ ಟನ್‌ ಮೀರಿತ್ತು. ಎರಡೂ ನಿಯಮಬದ್ಧ ಅಂಕಿಗಳೇ. ಸುದ್ದಿ ಓದುವವರು ಯಾವ ಅಂಕಿ ಯಾವ ವಿಧಾನದ್ದು ಎಂದು ನೋಡದಿದ್ದರೆ ಹೋಲಿಕೆ ಅರ್ಥಹೀನವಾಗುತ್ತದೆ.

ಈ ದೌರ್ಬಲ್ಯಕ್ಕೆ ಉತ್ತರವಾಗಿ ಗಂಟೆವಾರು ಹೊಂದಾಣಿಕೆಯ ಕಲ್ಪನೆ ಬಂದಿದೆ. ಗೂಗಲ್ 2017ರಲ್ಲಿಯೇ ತನ್ನ ವಾರ್ಷಿಕ ಬಳಕೆಯಷ್ಟೂ ನವೀಕರಿಸಬಹುದಾದ ವಿದ್ಯುತ್ತನ್ನು ಕೊಂಡಿತ್ತು. ಪ್ರತಿ ಗಂಟೆಯೂ, ಅದೇ ಜಾಲದಲ್ಲಿ ದೊರೆತ ಇಂಗಾಲಮುಕ್ತ ವಿದ್ಯುತ್ತನ್ನು ಮಾತ್ರ ಎಣಿಸಿದಾಗ 2023ರ ಅಂಕಿ ಶೇ. 64 ಎಂದು ಅದೇ ಸಂಸ್ಥೆ ವರದಿ ಮಾಡಿದೆ. ವಾರ್ಷಿಕ ಲೆಕ್ಕದ ಶೇ. 100 ಮತ್ತು ಗಂಟೆವಾರು ಲೆಕ್ಕದ ಶೇ. 64 ಒಂದೇ ಕಂಪನಿಯ ವಿದ್ಯುತ್ತಿಗೆ ಸಂಬಂಧಿಸಿದವು. ಗಂಟೆವಾರು ಲೆಕ್ಕವನ್ನು ಎರಡನೇ ವ್ಯಾಪ್ತಿಯ ನಿಯಮಗಳಿಗೆ ಸೇರಿಸುವ ಪ್ರಸ್ತಾವವನ್ನು ಪ್ರೋಟೋಕಾಲ್‌ನ ನಿರ್ವಾಹಕರು 2025ರಲ್ಲಿ ಸಾರ್ವಜನಿಕ ಅಭಿಪ್ರಾಯಕ್ಕೆ ಇಟ್ಟರು.

ತಯಾರಿಕೆಯಲ್ಲಿ ಅಡಗಿದ ಇಂಗಾಲ

ಉಪಕರಣವೊಂದು ಮೊದಲ ಬಾರಿಗೆ ಚಾಲೂ ಆಗುವ ಮುನ್ನವೇ ಅದರ ಪಾಲಿನ ಹೊರಸೂಸುವಿಕೆಯ ಬಹುಭಾಗ ಆಗಿಹೋಗಿರಬಹುದು. ಆಪಲ್ ಪ್ರಕಟಿಸುವ ಉತ್ಪನ್ನ ವರದಿಗಳಂತೆ ಐಫೋನ್‌ಗಳ ಜೀವಿತಾವಧಿಯ ಹೊರಸೂಸುವಿಕೆಯಲ್ಲಿ ಸುಮಾರು ಶೇ. 80 ತಯಾರಿಕೆಯದು. ಚಿಪ್ ಕಾರ್ಖಾನೆಗಳು ವಿದ್ಯುತ್ತನ್ನು ಯಥೇಚ್ಛವಾಗಿ ಬಳಸುವುದಲ್ಲದೆ ಸಲ್ಫರ್ ಹೆಕ್ಸಾಫ್ಲೋರೈಡ್, ನೈಟ್ರೋಜನ್ ಟ್ರೈಫ್ಲೋರೈಡ್‌ನಂಥ ಅನಿಲಗಳನ್ನೂ ಬಳಸುತ್ತವೆ. ಮೊದಲನೆಯದರ ತಾಪನ ಸಾಮರ್ಥ್ಯ ಡೈಆಕ್ಸೈಡಿಗಿಂತ 20,000 ಪಟ್ಟಿಗೂ ಹೆಚ್ಚು. ಅಲ್ಪ ಸೋರಿಕೆಯೂ ಲೆಕ್ಕವನ್ನು ಬದಲಿಸುತ್ತದೆ.

2030ರೊಳಗೆ ಹೊರಸೂಸುವುದಕ್ಕಿಂತ ಹೆಚ್ಚು ಇಂಗಾಲವನ್ನು ಹೀರುವ ಸಂಸ್ಥೆಯಾಗುವುದಾಗಿ ಮೈಕ್ರೋಸಾಫ್ಟ್ 2020ರಲ್ಲಿ ಘೋಷಿಸಿತ್ತು. 2023ರ ಆರ್ಥಿಕ ವರ್ಷದ ವೇಳೆಗೆ ಅದರ ಮೊದಲೆರಡು ವ್ಯಾಪ್ತಿಗಳು 2020ಕ್ಕಿಂತ ಶೇ. 6.3ರಷ್ಟು ಇಳಿದಿದ್ದವು, ಮೂರನೇ ವ್ಯಾಪ್ತಿ ಶೇ. 30.9ರಷ್ಟು ಏರಿ, ಒಟ್ಟು ಹೊರಸೂಸುವಿಕೆ ಶೇ. 29.1 ಹೆಚ್ಚಿತ್ತು. ಹೊಸ ದತ್ತಾಂಶ ಕೇಂದ್ರಗಳಿಗೆ ಬೇಕಾದ ಉಕ್ಕು, ಕಾಂಕ್ರೀಟು ಮತ್ತು ಚಿಪ್‌ಗಳು ಇದಕ್ಕೆ ಕಾರಣವೆಂದು ಸಂಸ್ಥೆ ಹೇಳಿತು. ತಯಾರಿಕೆಯ ಹೊರಸೂಸುವಿಕೆಯನ್ನು ವರ್ಷಗಳಿಗೆ ಹಂಚುವಾಗ ಯಂತ್ರ ಎಷ್ಟು ಕಾಲ ಬಾಳುತ್ತದೆಂಬ ಊಹೆ ನಿರ್ಣಾಯಕ. ಸರ್ವರ್‌ಗೆ ನಾಲ್ಕು ವರ್ಷದ ಬದಲು ಆರು ವರ್ಷ ಆಯುಷ್ಯ ಹಿಡಿದರೆ ವಾರ್ಷಿಕ ಪಾಲು ಮೂರನೇ ಒಂದರಷ್ಟು ಇಳಿಯುತ್ತದೆ.

ವಿಡಿಯೊ ಪ್ರಸಾರದ ವಿವಾದ

ಅಂತರಜಾಲದಲ್ಲಿ ಅರ್ಧ ಗಂಟೆ ಚಲನಚಿತ್ರ ನೋಡುವುದರಿಂದ 1.6 ಕಿಲೋಗ್ರಾಂ ಡೈಆಕ್ಸೈಡ್ ಹೊರಬೀಳುತ್ತದೆ, ಅದು ಸುಮಾರು ಆರು ಕಿಲೋಮೀಟರ್ ಕಾರು ಓಡಿಸಿದ್ದಕ್ಕೆ ಸಮ ಎಂಬ ಸುದ್ದಿ 2019ರಲ್ಲಿ ಜಗತ್ತಿನಾದ್ಯಂತ ಹರಡಿತು. ಫ್ರಾನ್ಸಿನ 'ದಿ ಶಿಫ್ಟ್ ಪ್ರಾಜೆಕ್ಟ್' ಸಂಸ್ಥೆಯ ಅಂಕಿಗಳು ಅದರ ಮೂಲ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಜಾರ್ಜ್ ಕಾಮಿಯಾ 2020ರ ಆರಂಭದಲ್ಲಿ ಇದನ್ನು ಪರಿಶೀಲಿಸಿದಾಗ ಹಲವು ಅತಿಯಂದಾಜುಗಳ ಜೊತೆಗೆ ಒಂದು ಸರಳ ಪ್ರಮಾದವೂ ಕಂಡಿತು: ಬಿಟ್ ಮತ್ತು ಬೈಟ್ ಅದಲುಬದಲಾಗಿದ್ದವು. ಒಂದು ಬೈಟ್‌ನಲ್ಲಿ ಎಂಟು ಬಿಟ್‌ಗಳಿರುವುದರಿಂದ ವಿಡಿಯೊದ ವೇಗ ಎಂಟು ಪಟ್ಟು ಹೆಚ್ಚಾಗಿ ಎಣಿಕೆಯಾಗಿತ್ತು. ಸಂಸ್ಥೆ ಈ ತಪ್ಪನ್ನು ಒಪ್ಪಿ ತಿದ್ದಿಕೊಂಡಿತು. ಕಾಮಿಯಾರ ಪರಿಷ್ಕೃತ ಅಂದಾಜು ಇಡೀ ಗಂಟೆಗೆ 36 ಗ್ರಾಂ. ಬ್ರಿಟನ್ನಿನ ಕಾರ್ಬನ್ ಟ್ರಸ್ಟ್ 2021ರಲ್ಲಿ ಯುರೋಪಿನ ಸರಾಸರಿ ಗಂಟೆಗೆ 55 ಗ್ರಾಂ ಎಂದಿತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ನೋಡುಗರ ಪರದೆಯದೇ. ದೊಡ್ಡ ಟಿ.ವಿ.ಗೂ ಮೊಬೈಲಿಗೂ ಇರುವ ಅಂತರ ಇಲ್ಲಿ ದತ್ತಾಂಶ ಕೇಂದ್ರಕ್ಕಿಂತ ಮುಖ್ಯವಾಗುತ್ತದೆ.

ಬಿಟ್-ಬೈಟ್ ತಪ್ಪು ತಿದ್ದಿದ ಮೇಲೂ ಒಂದು ಆಳವಾದ ಪ್ರಶ್ನೆ ಉಳಿದಿದೆ. 'ಒಂದು ಗಿಗಾಬೈಟ್‌ಗೆ ಇಷ್ಟು ಯೂನಿಟ್' ಎಂಬ ಸರಾಸರಿಯನ್ನು ದತ್ತಾಂಶದ ಪ್ರಮಾಣದಿಂದ ಗುಣಿಸುವ ಕ್ರಮ ಬಹಳ ಪ್ರಚಲಿತ. ಆದರೆ ಮನೆಯ ರೌಟರ್ ಅಥವಾ ದೂರವಾಣಿ ಕೇಂದ್ರದ ಉಪಕರಣ ದತ್ತಾಂಶ ಹರಿಯುತ್ತಿರಲಿ, ಇಲ್ಲದಿರಲಿ, ಬಹುಮಟ್ಟಿಗೆ ಒಂದೇ ಪ್ರಮಾಣದ ವಿದ್ಯುತ್ ಬಳಸುತ್ತದೆ. ಒಬ್ಬರು ವಿಡಿಯೊ ನೋಡುವುದನ್ನು ನಿಲ್ಲಿಸಿದ ಮಾತ್ರಕ್ಕೆ ಆ ಸರಾಸರಿಯಷ್ಟು ವಿದ್ಯುತ್ ಉಳಿಯುವುದಿಲ್ಲ. ಅರ್ಧ ತುಂಬಿದ ಬಸ್ಸಿನಿಂದ ಒಬ್ಬ ಪ್ರಯಾಣಿಕ ಇಳಿದರೆ ಡೀಸೆಲ್ ಖರ್ಚಿನಲ್ಲಿ ಹೆಚ್ಚೇನೂ ಬದಲಾಗದಂತೆಯೇ ಇದು. ದೀರ್ಘಕಾಲದಲ್ಲಿ ಬೇಡಿಕೆ ಏರಿದಾಗ ಹೊಸ ಬಸ್ಸು ಬೇಕಾಗುತ್ತದೆಂಬುದೂ ಅಷ್ಟೇ ನಿಜ. ಸರಾಸರಿ ಲೆಕ್ಕವು ಹೊಣೆಯನ್ನು ಹಂಚಲು, ಹೆಚ್ಚುವರಿ ಲೆಕ್ಕವು ಒಂದು ಕ್ರಮದ ಪರಿಣಾಮವನ್ನು ತಿಳಿಯಲು ಉಪಯುಕ್ತ.

ಕೃತಕ ಬುದ್ಧಿಮತ್ತೆ

2019ರಲ್ಲಿ ಎಮ್ಮಾ ಸ್ಟ್ರೂಬೆಲ್ ಮತ್ತು ಸಹಸಂಶೋಧಕರು ಭಾಷಾ ಮಾದರಿಗಳ ತರಬೇತಿಗೆ ತಗಲುವ ಶಕ್ತಿಯ ಬಗ್ಗೆ ಪ್ರಕಟಿಸಿದ ಪ್ರಬಂಧ ಈ ವಿಷಯವನ್ನು ಮುನ್ನೆಲೆಗೆ ತಂದಿತು. ಮಾದರಿಯ ವಿನ್ಯಾಸವನ್ನು ಯಂತ್ರವೇ ಹುಡುಕುವ ಒಂದು ಪ್ರಯೋಗಕ್ಕೆ ಅವರು ಸುಮಾರು 284 ಟನ್ ಹೊರಸೂಸುವಿಕೆಯನ್ನು ಅಂದಾಜಿಸಿದರು. ಐದು ಕಾರುಗಳ ಜೀವಮಾನದ ಹೊರಸೂಸುವಿಕೆಗೆ ಇದು ಸಮವೆಂಬ ಹೋಲಿಕೆ ಪ್ರಸಿದ್ಧವಾಯಿತು. ಆ ಪ್ರಯೋಗ ನಡೆದ ಗೂಗಲ್‌ನ ಡೇವಿಡ್ ಪ್ಯಾಟರ್ಸನ್ ಮತ್ತು ತಂಡ 2021ರಲ್ಲಿ ಒಳಗಿನ ದಾಖಲೆಗಳಿಂದ ಲೆಕ್ಕ ಹಾಕಿ, ನಿಜವಾದ ಪ್ರಮಾಣ ಅದಕ್ಕಿಂತ 88 ಪಟ್ಟು ಕಡಿಮೆ ಎಂದಿತು. ಬಳಸಿದ ಯಂತ್ರ, ಕೇಂದ್ರದ ದಕ್ಷತೆ, ಹುಡುಕಾಟಕ್ಕೆ ಸಣ್ಣ ಮಾದರಿಯನ್ನೇ ಬಳಸಿದ್ದು, ಇವು ಯಾವುವೂ ಹೊರಗಿನವರಿಗೆ ಪೂರ್ಣವಾಗಿ ತಿಳಿದಿರಲಿಲ್ಲ. ಮಾಹಿತಿ ಪ್ರಕಟವಾಗದಿದ್ದಾಗ ಸಂಶೋಧಕರು ಊಹಿಸಲೇಬೇಕಾಗುತ್ತದೆ ಎಂಬುದನ್ನು ಈ ಪ್ರಕರಣ ತೋರಿಸುತ್ತದೆ.

ತರಬೇತಿ ನಡೆಯುವ ಸ್ಥಳದ ಪ್ರಭಾವಕ್ಕೆ ಎರಡು ಮಾದರಿಗಳ ಹೋಲಿಕೆ ಉತ್ತಮ ನಿದರ್ಶನ. ಜಿಪಿಟಿ-3ರ ತರಬೇತಿಗೆ 1,287 ಮೆಗಾವ್ಯಾಟ್-ಗಂಟೆ ವಿದ್ಯುತ್ ತಗುಲಿತು, 552 ಟನ್ ಹೊರಬಿತ್ತು ಎಂಬುದು ಪ್ಯಾಟರ್ಸನ್ ತಂಡದ ಅಂದಾಜು. ಹೆಚ್ಚುಕಡಿಮೆ ಅಷ್ಟೇ ಗಾತ್ರದ ಬ್ಲೂಮ್ ಮಾದರಿಯನ್ನು ಫ್ರಾನ್ಸಿನ 'ಜಾನ್ ಜೇ' ಸೂಪರ್‌ಕಂಪ್ಯೂಟರ್‌ನಲ್ಲಿ 433 ಮೆಗಾವ್ಯಾಟ್-ಗಂಟೆ ಬಳಸಿ ತರಬೇತುಗೊಳಿಸಲಾಯಿತು. ಹೊರಸೂಸುವಿಕೆ ಸುಮಾರು 25 ಟನ್. ವಿದ್ಯುತ್ತಿನಲ್ಲಿ ಮೂರು ಪಟ್ಟು ವ್ಯತ್ಯಾಸ, ಇಂಗಾಲದಲ್ಲಿ ಇಪ್ಪತ್ತೆರಡು ಪಟ್ಟು. ಬ್ಲೂಮ್‌ನ ಸಂಶೋಧಕರು ಅಲ್ಲಿಗೇ ನಿಲ್ಲದೆ, ಯಂತ್ರಗಳ ತಯಾರಿಕೆ ಮತ್ತು ಸುಮ್ಮನಿರುವಾಗಿನ ಬಳಕೆಯನ್ನೂ ಸೇರಿಸಿದಾಗ ಅಂಕಿ 50.5 ಟನ್‌ಗೆ, ಅಂದರೆ ಎರಡು ಪಟ್ಟಿಗೆ ಏರಿತು.

ತರಬೇತಿ ಮುಗಿದ ಮೇಲೆ ದಿನನಿತ್ಯದ ಪ್ರಶ್ನೋತ್ತರಕ್ಕೆ ತಗಲುವ ಶಕ್ತಿಯ ಬಗ್ಗೆ ಕಂಪನಿಗಳು ಬಹುಕಾಲ ಮೌನವಾಗಿದ್ದವು. 2025ರ ಆಗಸ್ಟ್‌ನಲ್ಲಿ ಗೂಗಲ್ ತನ್ನ ಜೆಮಿನಿ ಸೇವೆಯ ಪಠ್ಯಪ್ರಶ್ನೆಗೆ 0.24 ವ್ಯಾಟ್-ಗಂಟೆ, 0.03 ಗ್ರಾಂ ಡೈಆಕ್ಸೈಡ್ ಸಮಾನ ಮತ್ತು 0.26 ಮಿಲಿಲೀಟರ್ ನೀರು ಎಂಬ ಅಂಕಿಗಳನ್ನು ಪ್ರಕಟಿಸಿತು. ಕೆಲಸದಲ್ಲಿ ತೊಡಗಿರುವ ಚಿಪ್‌ಗಳನ್ನಷ್ಟೇ ಎಣಿಸಿದ್ದರೆ 0.10 ವ್ಯಾಟ್-ಗಂಟೆ ಬರುತ್ತಿತ್ತೆಂದು ಸಂಸ್ಥೆಯೇ ತಿಳಿಸಿದೆ. ಕಾಯ್ದಿರಿಸಿದ ಯಂತ್ರಗಳು, ಸಾಮಾನ್ಯ ಸಂಸ್ಕಾರಕ, ಸ್ಮೃತಿ ಮತ್ತು ಕಟ್ಟಡದ ಪಾಲು ಸೇರಿ ಅದು ಎರಡು ಪಟ್ಟಿಗೂ ಹೆಚ್ಚಾಯಿತು. ಈ ಅಂಕಿಗಳನ್ನು ಓದುವಾಗ ಎರಡು ಸಂಗತಿಗಳನ್ನು ಗಮನಿಸಬೇಕು. ಇದು ಸರಾಸರಿಯಲ್ಲ, ಮಧ್ಯಾಂಕ. ದೀರ್ಘವಾದ ಪ್ರಶ್ನೆಗಳು, ಚಿತ್ರ ಮತ್ತು ವಿಡಿಯೊ ಸೃಷ್ಟಿಯ ಹೊರೆ ಇದರಲ್ಲಿ ಕಾಣಿಸದು. ಇಂಗಾಲದ ಅಂಕಿಯು ಮಾರುಕಟ್ಟೆ ಆಧಾರಿತ. ಅದೇ 0.24 ವ್ಯಾಟ್-ಗಂಟೆಯನ್ನು ಭಾರತದ ಜಾಲದ 727 ಗ್ರಾಂ ತೀವ್ರತೆಯಿಂದ ಗುಣಿಸಿದರೆ ಸುಮಾರು 0.17 ಗ್ರಾಂ ಬರುತ್ತದೆ.

ತಂತ್ರಾಂಶದ ಮಟ್ಟದಲ್ಲಿ ಇಂಥ ಲೆಕ್ಕಕ್ಕೆ ಒಂದು ಸಮಾನ ಸೂತ್ರ ಕೊಡುವ ಪ್ರಯತ್ನವಾಗಿ 2021ರಲ್ಲಿ ಸ್ಥಾಪನೆಯಾದ ಗ್ರೀನ್ ಸಾಫ್ಟ್‌ವೇರ್ ಫೌಂಡೇಶನ್ 'ತಂತ್ರಾಂಶ ಇಂಗಾಲ ತೀವ್ರತೆ' ಎಂಬ ಮಾನಕವನ್ನು ರೂಪಿಸಿತು. 2024ರಲ್ಲಿ ಇದು ಐಎಸ್ಒ/ಐಇಸಿ 21031 ಆಯಿತು. ಬಳಸಿದ ಶಕ್ತಿಯನ್ನು ಜಾಲದ ತೀವ್ರತೆಯಿಂದ ಗುಣಿಸಿ, ಯಂತ್ರದ ತಯಾರಿಕೆಯ ಪಾಲನ್ನು ಕೂಡಿಸಿ, ಬಳಕೆದಾರ ಅಥವಾ ವ್ಯವಹಾರದಂಥ ಒಂದು ಏಕಮಾನದಿಂದ ಭಾಗಿಸುವುದು ಇದರ ಕ್ರಮ. ಇಂಗಾಲ ಪರಿಹಾರ ಪತ್ರಗಳನ್ನು ಕೊಂಡು ಈ ಅಂಕಿಯನ್ನು ಇಳಿಸಲು ಅವಕಾಶವಿಲ್ಲ.

ನಿಯಂತ್ರಣ ಮತ್ತು ಭಾರತದ ಸ್ಥಿತಿ

ಐರೋಪ್ಯ ಒಕ್ಕೂಟವು 2023ರ ಇಂಧನ ದಕ್ಷತಾ ನಿರ್ದೇಶನದ ಮೂಲಕ 500 ಕಿಲೋವ್ಯಾಟ್ ಮತ್ತು ಅದಕ್ಕಿಂತ ಹೆಚ್ಚಿನ ದತ್ತಾಂಶ ಕೇಂದ್ರಗಳು ವಿದ್ಯುತ್, ನೀರು ಮೊದಲಾದವುಗಳ ಬಳಕೆಯನ್ನು ವರದಿ ಮಾಡುವುದನ್ನು ಕಡ್ಡಾಯಗೊಳಿಸಿತು. ಮೊದಲ ವರದಿಗಳ ಗಡುವು 2024ರ ಸೆಪ್ಟೆಂಬರ್.

ಭಾರತದಲ್ಲಿ ಷೇರು ಮಾರುಕಟ್ಟೆ ನಿಯಂತ್ರಕ ಸೆಬಿ ಜಾರಿಗೆ ತಂದ ವ್ಯವಹಾರ ಹೊಣೆಗಾರಿಕೆ ಮತ್ತು ಸುಸ್ಥಿರತೆ ವರದಿಯು 2022–23ರಿಂದ ಮಾರುಕಟ್ಟೆ ಮೌಲ್ಯದಲ್ಲಿ ಅಗ್ರ 1,000 ಕಂಪನಿಗಳಿಗೆ ಕಡ್ಡಾಯವಾಗಿದೆ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ಇನ್ಫೋಸಿಸ್, ವಿಪ್ರೋ ಇದರ ವ್ಯಾಪ್ತಿಗೆ ಬರುತ್ತವೆ. ಶಕ್ತಿ ಬಳಕೆ ಮತ್ತು ಮೊದಲೆರಡು ವ್ಯಾಪ್ತಿಗಳು ಈ ವರದಿಯ ಕಡ್ಡಾಯ ಭಾಗದಲ್ಲಿವೆ; ಮೂರನೇ ವ್ಯಾಪ್ತಿಯನ್ನು ಐಚ್ಛಿಕವಾಗಿ ಇಡಲಾಗಿದೆ. ಷೇರುಪೇಟೆಯಲ್ಲಿ ನೋಂದಣಿಯಾಗದ ದತ್ತಾಂಶ ಕೇಂದ್ರ ಕಂಪನಿಗಳು ಮತ್ತು ಬಹುರಾಷ್ಟ್ರೀಯ ಸಂಸ್ಥೆಗಳ ಭಾರತೀಯ ಘಟಕಗಳು ಈ ನಿಯಮದ ಹೊರಗೆ ಉಳಿಯುತ್ತವೆ.

ಭಾರತದಲ್ಲಿ ತಂತ್ರಾಂಶ ಸೇವಾ ಕಂಪನಿಗಳ ಲೆಕ್ಕಕ್ಕೆ ಅದರದೇ ಆದ ತೊಡಕುಗಳಿವೆ. 2020ರಲ್ಲಿ ಕಚೇರಿಗಳು ಖಾಲಿಯಾಗಿ ನೌಕರರು ಮನೆಯಿಂದ ಕೆಲಸ ಮಾಡತೊಡಗಿದಾಗ ಕಚೇರಿಯ ಮೀಟರು ಇಳಿಯಿತು. ಮನೆಗಳಲ್ಲಿ ಲ್ಯಾಪ್‌ಟಾಪ್, ಫ್ಯಾನ್, ಎ.ಸಿ.ಗಳಿಗೆ ತಗುಲಿದ ವಿದ್ಯುತ್ ನೌಕರರ ಬಿಲ್ಲಿಗೆ ಸೇರಿತು. ಪ್ರೋಟೋಕಾಲ್‌ನಂತೆ ಇದನ್ನು ಮೂರನೇ ವ್ಯಾಪ್ತಿಯ ನೌಕರರ ಪ್ರಯಾಣದ ವಿಭಾಗದಲ್ಲಿ ಸೇರಿಸಬಹುದು, ಸೇರಿಸಲೇಬೇಕೆಂದಿಲ್ಲ. ಸೇರಿಸದ ಕಂಪನಿಯ ಲೆಕ್ಕದಲ್ಲಿ ಆ ವರ್ಷ ದೊಡ್ಡ ಉಳಿತಾಯ ಕಾಣುತ್ತದೆ.

ಜಾಲದ ತೀವ್ರತೆಯ ಆಯ್ಕೆಯೂ ಸರಳವಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕಿಲೋವೋಲ್ಟ್ ಮಾರ್ಗ ಚಾಲನೆಗೊಂಡು ದಕ್ಷಿಣದ ಜಾಲವು ದೇಶದ ಉಳಿದ ಜಾಲದೊಂದಿಗೆ ಸೇರಿತು. ಅಲ್ಲಿಯವರೆಗೆ ಕೇಂದ್ರೀಯ ವಿದ್ಯುತ್ ಪ್ರಾಧಿಕಾರ ದಕ್ಷಿಣ ವಲಯಕ್ಕೆ ಪ್ರತ್ಯೇಕ ಅಂಕಿ ಕೊಡುತ್ತಿತ್ತು. ಈಗ ಇಡೀ ದೇಶಕ್ಕೆ ಒಂದೇ ಅಂಕಿ. ತುಮಕೂರು ಜಿಲ್ಲೆಯ ಪಾವಗಡದ 2,050 ಮೆಗಾವ್ಯಾಟ್ ಸೌರ ಉದ್ಯಾನ, ಶರಾವತಿ ಕಣಿವೆಯ ಜಲವಿದ್ಯುತ್ತು, ಬಯಲುಸೀಮೆಯ ಗಾಳಿಯಂತ್ರಗಳು ಸೇರಿ ಕರ್ನಾಟಕದ ಉತ್ಪಾದನೆಯಲ್ಲಿ ನವೀಕರಿಸಬಹುದಾದ ಮೂಲಗಳ ಪಾಲು ದೊಡ್ಡದಾಗಿದ್ದರೂ, ಸ್ಥಳ ಆಧಾರಿತ ಲೆಕ್ಕದಲ್ಲಿ ಬೆಂಗಳೂರಿನ ಕಚೇರಿಗೂ ಛತ್ತೀಸಗಢದ ಕಚೇರಿಗೂ ಒಂದೇ 727 ಗ್ರಾಂ ಅನ್ವಯವಾಗುತ್ತದೆ. ಸೌರ ಅಥವಾ ಪವನ ಘಟಕಗಳಿಂದ ನೇರವಾಗಿ ವಿದ್ಯುತ್ ಕೊಳ್ಳುವ ಕಂಪನಿಗಳಿಗೆ ಮಾರುಕಟ್ಟೆ ಆಧಾರಿತ ಲೆಕ್ಕದಲ್ಲಿ ಮಾತ್ರ ಅದರ ಫಲ ಕಾಣುತ್ತದೆ. ಸೂರ್ಯ ಮುಳುಗಿದ ಮೇಲೆ ಅದೇ ಕಚೇರಿಗೆ ಬರುವ ವಿದ್ಯುತ್ತಿನಲ್ಲಿ ರಾಯಚೂರು ಮತ್ತು ಬಳ್ಳಾರಿ ಶಾಖೋತ್ಪನ್ನ ಸ್ಥಾವರಗಳ ಕಲ್ಲಿದ್ದಲಿನ ಪಾಲು ಎಷ್ಟೆಂಬುದನ್ನು ವರ್ಷಕ್ಕೊಮ್ಮೆ ಕೂಡಿಸುವ ಎರಡೂ ವಿಧಾನಗಳು ಹೇಳುವುದಿಲ್ಲ.